ಮೊದಲು ಅಫಿಡವಿಟ್, ಆಮೇಲೆ ಶಾಲೆ ಬಿಡಿಸುವುದು: ಪೆನ್ಸಿಲ್ವೇನಿಯಾಕ್ಕೆ ಬರುವ ಕನ್ನಡ ಕ್ರೈಸ್ತ ಕುಟುಂಬಗಳ ಗಮನಕ್ಕೆ

ಬಾಡಿಗೆ ಕಡಿಮೆಯೆಂದೋ, ಕೆಲಸ ಫಿಲಡೆಲ್ಫಿಯಾ ಕಡೆಗೆ ಬದಲಾಯಿತೆಂದೋ ನ್ಯೂಜೆರ್ಸಿಯ ಎಡಿಸನ್ ಸುತ್ತಮುತ್ತಲಿಂದ ಡೆಲಾವೇರ್ ನದಿ ದಾಟಿ ಪೆನ್ಸಿಲ್ವೇನಿಯಾಕ್ಕೆ ಬರುವ ನಮ್ಮ ಸಭೆಗಳ ಕುಟುಂಬಗಳಲ್ಲಿ ಮಕ್ಕಳಿಗೆ ಮನೆಯಲ್ಲೇ ಕಲಿಸುವವರು ಹಲವರಿದ್ದಾರೆ. ನಾವು ಬಂದ ಹೊಸತರಲ್ಲಿ ಎಡವಿದ ಜಾಗದಲ್ಲೇ ಅವರೂ ಎಡವುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ. ಹೋಮ್‌ಸ್ಕೂಲಿಂಗ್ ಏಕೆ ಬೇಕು, ಯಾವ ಪ್ರಕಾಶಕರ ಪುಸ್ತಕ ಒಳ್ಳೆಯದು ಎಂಬ ಚರ್ಚೆಯನ್ನು ಇಲ್ಲಿ ಎತ್ತಿಕೊಂಡಿಲ್ಲ. ಆ ವಿಷಯದಲ್ಲಿ ಪ್ರಾರ್ಥನೆ ಮಾಡಿ ಒಂದು ನಿರ್ಧಾರಕ್ಕೆ ಬಂದವರಿಗೆ ಮಾತ್ರ ಈ ಬರಹ.

ಅಮೆರಿಕದಲ್ಲಿ ಶಿಕ್ಷಣ ರಾಜ್ಯಗಳ ಅಧಿಕಾರಕ್ಕೆ ಸೇರಿದ್ದರಿಂದ, ನದಿಯ ಆಚೆ ದಡದಲ್ಲಿ ಸರಿಯಾಗಿದ್ದದ್ದು ಈಚೆ ದಡದಲ್ಲಿ ತಪ್ಪಾಗಬಹುದು. ನ್ಯೂಜೆರ್ಸಿಯ ಕಾನೂನು ಮಗುವಿಗೆ ಶಾಲೆಯಲ್ಲಿ ಅಥವಾ ಬೇರೆಡೆಯಲ್ಲಿ ಸಮಾನವಾದ ಶಿಕ್ಷಣ ಸಿಗಬೇಕು ಎಂದಷ್ಟೇ ಹೇಳುತ್ತದೆ. ಅಲ್ಲಿ ತಂದೆತಾಯಿ ಯಾರಿಗೂ ನೋಟಿಸು ಕೊಡಬೇಕಾಗಿಲ್ಲ, ಪರೀಕ್ಷೆ ಬರೆಸಬೇಕಾಗಿಲ್ಲ, ವರ್ಷದ ಕೊನೆಗೆ ಯಾರಿಗೂ ಏನನ್ನೂ ತೋರಿಸಬೇಕಾಗಿಲ್ಲ. ಪೆನ್ಸಿಲ್ವೇನಿಯಾದಲ್ಲಾದರೋ 1988ರ 169ನೇ ಕಾಯ್ದೆ ಹೋಮ್‌ಸ್ಕೂಲಿಂಗಿಗೆ ಹಕ್ಕನ್ನು ಕೊಟ್ಟು, ಅದರ ಜೊತೆಗೇ ಕಾಗದಪತ್ರಗಳ ಹೊಣೆಯನ್ನೂ ಹೊರಿಸಿದೆ. 6ರಿಂದ 18 ವರ್ಷದವರೆಗೆ ಶಿಕ್ಷಣ ಇಲ್ಲಿ ಕಡ್ಡಾಯ. ವರ್ಷಕ್ಕೆ 180 ದಿನ, ಇಲ್ಲವೇ ಪ್ರಾಥಮಿಕ ತರಗತಿಗಳಲ್ಲಿ 900 ಗಂಟೆ, ಪ್ರೌಢ ತರಗತಿಗಳಲ್ಲಿ 990 ಗಂಟೆ ಪಾಠ ನಡೆದಿರಬೇಕು. ಎಡಿಸನ್ನಿನ ಅಭ್ಯಾಸವನ್ನೇ ಇಲ್ಲಿಗೂ ತಂದವರು ಮೊದಲ ತಿಂಗಳಲ್ಲೇ ತೊಂದರೆಗೆ ಸಿಕ್ಕುತ್ತಾರೆ.

ಆ ತೊಂದರೆ ಹುಟ್ಟುವುದು ಕೆಲಸಗಳ ಅನುಕ್ರಮ ತಪ್ಪುವುದರಿಂದ. ಉಡುಪಿ ಕಡೆಯ ಒಂದು ಕುಟುಂಬ ಆಗಸ್ಟಿನಲ್ಲಿ ಇಲ್ಲಿಗೆ ಬಂದು ನಾಲ್ಕನೆಯ ತರಗತಿಯ ಮಗನನ್ನು ಸರಕಾರಿ ಶಾಲೆಗೆ ಸೇರಿಸಿತು. ಅಕ್ಟೋಬರಿನಲ್ಲಿ ಮನಸ್ಸು ಬದಲಾಗಿ, ಕ್ಲಾಸ್ ಟೀಚರಿಗೆ ಬಾಯಿಮಾತಿನಲ್ಲಿ ತಿಳಿಸಿ, ಮರುದಿನದಿಂದ ಮಗುವನ್ನು ಮನೆಯಲ್ಲಿ ಕೂರಿಸಿಕೊಂಡರು. ತರಿಸಿದ ಪುಸ್ತಕದ ಪೆಟ್ಟಿಗೆ ಬಂದಿತ್ತು, ಪಾಠವೂ ಶ್ರದ್ಧೆಯಿಂದಲೇ ನಡೆಯುತ್ತಿತ್ತು. ಆದರೆ ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಹುಡುಗ ಇನ್ನೂ ಅಲ್ಲಿನ ವಿದ್ಯಾರ್ಥಿಯೇ ಆಗಿದ್ದ. ಕಾರಣ ಒಪ್ಪಿತವಾಗದ ಮೂರು ದಿನಗಳ ಗೈರುಹಾಜರಿಗೇ ಈ ರಾಜ್ಯದಲ್ಲಿ ಮಗು ಟ್ರೂಯೆಂಟ್ (ಶಾಲೆ ತಪ್ಪಿಸುವ ಮಗು) ಎನಿಸಿಕೊಳ್ಳುತ್ತದೆ, ಆರು ದಿನವಾದರೆ ಹ್ಯಾಬಿಚುಯಲ್ ಟ್ರೂಯೆಂಟ್ (ರೂಢಿಯಾಗಿ ತಪ್ಪಿಸುವ ಮಗು). ಆ ಹಂತದಲ್ಲಿ ಹದಿನೈದು ವರ್ಷಕ್ಕಿಂತ ಚಿಕ್ಕ ಮಗುವಿನ ವಿಷಯವನ್ನು ಶಾಲೆ ಹಾಜರಿ ಸುಧಾರಣೆಯ ಕಾರ್ಯಕ್ರಮಕ್ಕಾಗಲಿ ಕೌಂಟಿಯ ಮಕ್ಕಳ ರಕ್ಷಣಾ ಇಲಾಖೆಗಾಗಲಿ ಒಪ್ಪಿಸಬೇಕಾಗುತ್ತದೆ. ತಂದೆತಾಯಿಯ ಮೇಲೆ ಸ್ಥಳೀಯ ಮ್ಯಾಜಿಸ್ಟೀರಿಯಲ್ ನ್ಯಾಯಾಧೀಶರ ಮುಂದೆ ದೂರು ದಾಖಲಿಸಲೂ ಶಾಲೆಗೆ ಅಧಿಕಾರವಿದೆ. ದಂಡ ಮೊದಲ ಸಲ 300 ಡಾಲರಿನವರೆಗೆ, ಎರಡನೆಯ ಸಲ 500, ಆಮೇಲೆ 750ರವರೆಗೆ ಏರುತ್ತದೆ. ಆ ಮನೆಯವರಿಗೆ ಹಣಕ್ಕಿಂತಲೂ ದೊಡ್ಡ ಪೆಟ್ಟಾದದ್ದು ಇಲಾಖೆಯವರು ಬಾಗಿಲಿಗೆ ಬಂದು ಮಗುವಿನೊಡನೆ ಮಾತಾಡಬೇಕೆಂದಾಗ. ಆ ತಾಯಿ ವಾರಗಟ್ಟಲೆ ಸರಿಯಾಗಿ ನಿದ್ದೆ ಮಾಡಲಿಲ್ಲ. ಗ್ರೀನ್ ಕಾರ್ಡಿನ ಅರ್ಜಿ ತುಂಬುವ ಕಾಲ ಬಂದಾಗ ಇಂಥ ದೂರಿನ ಕಾಗದವೊಂದು ಕೈಯಲ್ಲಿರುವುದು ಯಾರಿಗೂ ಬೇಡ.

ಎರಡು ಕಾಗದಗಳನ್ನು ಸರಿಯಾದ ಕ್ರಮದಲ್ಲಿ ಕೊಟ್ಟಿದ್ದರೆ ಇಷ್ಟೆಲ್ಲ ತಪ್ಪುತ್ತಿತ್ತು. ಮೊದಲು ನಿಮ್ಮ ಸ್ಕೂಲ್ ಡಿಸ್ಟ್ರಿಕ್ಟಿನ (ನಿಮ್ಮ ಪ್ರದೇಶದ ಸರಕಾರಿ ಶಾಲೆಗಳ ಆಡಳಿತ ಘಟಕ) ಮುಖ್ಯಾಧಿಕಾರಿಯಾದ ಸೂಪರಿಂಟೆಂಡೆಂಟರ ಕಚೇರಿಗೆ ಹೋಮ್ ಎಜುಕೇಶನ್ ಅಫಿಡವಿಟ್ ಸಲ್ಲಿಸಿ, ಸಲ್ಲಿಸಿದ್ದಕ್ಕೆ ತಾರೀಖು ಬರೆದ ಸ್ವೀಕೃತಿಯನ್ನು ಪಡೆಯಿರಿ. ಖುದ್ದಾಗಿ ಕೊಟ್ಟರೆ ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ, ಅಂಚೆಯಲ್ಲಾದರೆ ಸರ್ಟಿಫೈಡ್ ಮೇಲ್ ಮಾಡಿ. ಅದಾದ ಮೇಲೆ ಶಾಲೆಗೆ ಬರಹದಲ್ಲಿ ಬಿಡುಗಡೆಯ ಪತ್ರ ಕೊಟ್ಟು, ಮರುದಿನದಿಂದ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳಿ. ಅಫಿಡವಿಟ್ ಸಲ್ಲಿಸಿದ ಕ್ಷಣದಿಂದಲೇ ನಿಮ್ಮ ಪಾಠ ಕಾನೂನುಬದ್ಧ. ಸೂಪರಿಂಟೆಂಡೆಂಟರ ಒಪ್ಪಿಗೆಗಾಗಿ ಕಾಯುವ ಅಗತ್ಯವಿಲ್ಲ, ಏಕೆಂದರೆ ಇದು ತಿಳಿವಳಿಕೆ, ಅನುಮತಿಗಾಗಿ ಹಾಕುವ ಅರ್ಜಿಯಲ್ಲ. "ಅಪ್ರೂವಲ್ ಬರುವವರೆಗೆ ಶಾಲೆಗೆ ಕಳಿಸಿ" ಎಂದು ಕಚೇರಿಯ ಗುಮಾಸ್ತರು ಹೇಳಿದರೆ ವಿನಯದಿಂದ ಕಾಯ್ದೆಯ ಪಠ್ಯವನ್ನು ತೋರಿಸಿ. ಮುಂದಿನ ವರ್ಷಗಳಲ್ಲಿ ಪ್ರತಿ ಆಗಸ್ಟ್ 1ರೊಳಗೆ ಇದನ್ನು ಮತ್ತೆ ಸಲ್ಲಿಸಬೇಕು.

ಅಫಿಡವಿಟ್ ಎಂದ ಕೂಡಲೇ ನಮ್ಮವರು ಊರಿನ ರೂಢಿಯಂತೆ ಛಾಪಾ ಕಾಗದ, ವಕೀಲರು ಎಂದುಕೊಂಡು ನೂರಾರು ಡಾಲರ್ ಖರ್ಚು ಮಾಡಿದ್ದುಂಟು. ಇಲ್ಲಿ ನೋಟರಿ ವಕೀಲರೇ ಆಗಿರಬೇಕೆಂದಿಲ್ಲ, ಅಫಿಡವಿಟ್ಟಿಗೆ ಈ ರಾಜ್ಯ ನಿಗದಿ ಮಾಡಿದ ಶುಲ್ಕ 5 ಡಾಲರ್, ಅನೇಕ ಬ್ಯಾಂಕ್ ಶಾಖೆಗಳು ತಮ್ಮ ಗ್ರಾಹಕರಿಗೆ ಅದನ್ನೂ ತೆಗೆದುಕೊಳ್ಳುವುದಿಲ್ಲ. ಪಾಠದ ಹೊಣೆ ಹೊತ್ತ ತಂದೆ ಅಥವಾ ತಾಯಿಗೆ ಹೈಸ್ಕೂಲ್ ಡಿಪ್ಲೊಮಾ ಅಥವಾ ಸಮಾನ ವಿದ್ಯಾರ್ಹತೆ ಇರಬೇಕು. ಇಲ್ಲಿನ ಹೈಸ್ಕೂಲ್ ಹನ್ನೆರಡನೆಯ ತರಗತಿಗೆ ಮುಗಿಯುವುದರಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೊಂದನ್ನೇ ಲಗತ್ತಿಸಬೇಡಿ, ಪಿಯುಸಿ ಅಥವಾ ಪದವಿಯ ಪ್ರಮಾಣಪತ್ರದ ಪ್ರತಿಯನ್ನು ಇಡಿ. ವಿಷಯವಾರು ಗುರಿಗಳ ಪಟ್ಟಿಯೊಂದನ್ನೂ ಜೊತೆಗಿಡಬೇಕು. ಅದನ್ನು ಹಿಡಿದು ನೀವು ನಿಯಮ ಪಾಲಿಸಿಲ್ಲವೆಂದು ತೀರ್ಮಾನಿಸಲು ಡಿಸ್ಟ್ರಿಕ್ಟಿಗೆ ಅವಕಾಶವಿಲ್ಲ, ಹಾಗಾಗಿ ಒಂದೆರಡು ಪುಟ ಸಾಕು. ಲಸಿಕೆ ಮತ್ತು ವೈದ್ಯಕೀಯ ತಪಾಸಣೆಯ ದಾಖಲೆಗಳನ್ನು ಮಾತ್ರ ಬೇಗನೆ ಸಿದ್ಧಪಡಿಸಿಕೊಳ್ಳಿ. ಊರಿನಲ್ಲಿ ಹಾಕಿಸಿದ ಲಸಿಕೆಗಳ ಕಾರ್ಡನ್ನು ಇಲ್ಲಿನ ಮಕ್ಕಳ ವೈದ್ಯರಿಂದ ಇಲ್ಲಿನ ನಮೂನೆಗೆ ಏರಿಸಿಕೊಳ್ಳಲು ಸಮಯ ಹಿಡಿಯುತ್ತದೆ.

ಬಾಡಿಗೆ ಕರಾರು ಮುಗಿದಾಗಲೆಲ್ಲ ಮನೆ ಬದಲಿಸುವ ನಮ್ಮಂಥವರು ಇನ್ನೊಂದು ನಿಯಮವನ್ನು ನೆನಪಿಡಬೇಕು. ಶಾಲಾ ವರ್ಷದ ನಡುವೆ ಇದೇ ರಾಜ್ಯದ ಬೇರೊಂದು ಡಿಸ್ಟ್ರಿಕ್ಟಿಗೆ ಹೋಗುವುದಾದರೆ, 30 ದಿನ ಮುಂಚೆಯೇ ರಿಜಿಸ್ಟರ್ಡ್ ಅಂಚೆಯಲ್ಲಿ ಹಳೆಯ ಸೂಪರಿಂಟೆಂಡೆಂಟರಿಗೆ ವರ್ಗಾವಣೆಯ ಪತ್ರ ಕೇಳಿ ಬರೆಯಬೇಕು. ಆ ಪತ್ರ ಹೊಸ ಡಿಸ್ಟ್ರಿಕ್ಟಿಗೆ ಸಲ್ಲಬೇಕು. ಎರಡು ಮೈಲಿ ದೂರದ ಅಪಾರ್ಟ್‌ಮೆಂಟಿಗೆ ಹೋದರೂ ಡಿಸ್ಟ್ರಿಕ್ಟಿನ ಗಡಿ ದಾಟಿದ್ದೀರಾ ಎಂದು ಮೊದಲು ನೋಡಿಕೊಳ್ಳಿ.

ವರ್ಷವಿಡೀ ನಡೆಸಬೇಕಾದ ಕಲಿಕೆಯ ಕಡತ, ಅಂದರೆ ಪೋರ್ಟ್‌ಫೋಲಿಯೊದಲ್ಲಿ ದಿನಚರಿ, ಮಗುವಿನ ಬರವಣಿಗೆಯ ಮಾದರಿಗಳು, ಮತ್ತು 3, 5, 8ನೇ ತರಗತಿಗಳಲ್ಲಿ ಒಂದು ಪ್ರಮಾಣಿತ ಪರೀಕ್ಷೆಯ ಫಲಿತಾಂಶ ಇರಬೇಕು. ದಿನಚರಿಯನ್ನು ಪಾಠ ನಡೆದ ಕಾಲದಲ್ಲೇ ಬರೆಯಬೇಕು, ಓದಿದ ಪುಸ್ತಕಗಳ ಹೆಸರು ಅದರಲ್ಲಿರಬೇಕು. "ಗಣಿತ ಮಾಡಿದೆವು, ಇತಿಹಾಸ ಓದಿದೆವು" ಎಂದು ಬರೆದಿಟ್ಟ ನೋಟ್‌ಬುಕ್ಕನ್ನು ಮೇ ತಿಂಗಳಲ್ಲಿ ಕೂತು ತಿದ್ದುವ ತಾಯಂದಿರನ್ನು ಕಂಡಿದ್ದೇನೆ. ಒಬ್ಬ ಸಹೋದರಿಯ ದಿನಚರಿ ನನಗೆ ಬಹಳ ಮೆಚ್ಚುಗೆಯಾಯಿತು: ಒಂದು ದಿನಕ್ಕೆ ಒಂದೇ ಸಾಲು, ಪುಸ್ತಕದ ಹೆಸರು, ಓದಿದ ಪುಟಗಳು, ಕೊನೆಯಲ್ಲಿ "ಸತ್ಯವೇದ, ಕೀರ್ತನೆಗಳು, ಕನ್ನಡದಲ್ಲಿ ಗಟ್ಟಿಯಾಗಿ ಓದಿದ್ದು." ಕಾಯ್ದೆಯ ಕಡ್ಡಾಯ ವಿಷಯಗಳು ಇಂಗ್ಲಿಷಿನಲ್ಲಿ ನಡೆಯಬೇಕೆಂದಿದೆ, ಕನ್ನಡವನ್ನು ಅವುಗಳ ಮೇಲೆ ಹೆಚ್ಚಿನ ಭಾಷೆಯಾಗಿ ಕಲಿಸಲು ಯಾವ ಅಡ್ಡಿಯೂ ಇಲ್ಲ. ಕಿಟೆಲರ ನಿಘಂಟು ಹುಟ್ಟಿದ ಪರಂಪರೆಯ ಮಕ್ಕಳು ಸಂಗೀತ ಪುಸ್ತಕವನ್ನು ಇಂಗ್ಲಿಷ್ ಲಿಪಿಯಲ್ಲಿ ಓದುವ ಸ್ಥಿತಿಗೆ ಬರಬಾರದೆಂಬುದು ನನ್ನ ಕಳಕಳಿ. ಪೆನ್ಸಿಲ್ವೇನಿಯಾದ ಇತಿಹಾಸ, ಬೆಂಕಿಯ ಅಪಾಯಗಳ ಕುರಿತ ಸುರಕ್ಷತೆಯ ಪಾಠ, ಇವೆರಡು ಕಡ್ಡಾಯ ಪಟ್ಟಿಯಲ್ಲಿದ್ದರೂ ಕ್ರೈಸ್ತ ಪಠ್ಯಕ್ರಮದ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಬೇರೆ ಪುಸ್ತಕಗಳಿಂದ ಹೊಂದಿಸಿಕೊಳ್ಳಿ.

"ನಾವು ವಿಶ್ವಾಸದಿಂದ ಕಲಿಸುತ್ತಿದ್ದೇವೆ, ಸರಕಾರಕ್ಕೆ ಏಕೆ ಲೆಕ್ಕ ಒಪ್ಪಿಸಬೇಕು?" ಎಂದು ಕೇಳುವವರಿದ್ದಾರೆ. ಇದೇ ವಾದವನ್ನು ಈ ರಾಜ್ಯದ ಕೆಲವು ಕ್ರೈಸ್ತ ಕುಟುಂಬಗಳು ನ್ಯಾಯಾಲಯಕ್ಕೆ ಒಯ್ದು, 2008ರಲ್ಲಿ ಮೂರನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯದಲ್ಲಿ ಸೋತರು. ಲ್ಯಾಂಕಾಸ್ಟರಿನ ಆಮಿಶರನ್ನು (ಆಧುನಿಕ ಜೀವನದಿಂದ ದೂರವಿರುವ ಕ್ರೈಸ್ತ ಪಂಗಡ) ಉದಾಹರಿಸುವುದೂ ಸಲ್ಲದು. ಅವರಿಗೆ ಕಡ್ಡಾಯ ಶಾಲೆಯಿಂದ ವಿನಾಯಿತಿ ಕೊಟ್ಟ 1972ರ ಸುಪ್ರೀಂ ಕೋರ್ಟ್ ತೀರ್ಪು ಎಂಟನೆಯ ತರಗತಿ ಮುಗಿಸಿದ ಆಮಿಶ್ ಮಕ್ಕಳ ಕುರಿತದ್ದು, ಅವರ ಶತಮಾನಗಳ ಪ್ರತ್ಯೇಕ ಜೀವನಕ್ರಮವನ್ನು ಆಧರಿಸಿದ್ದು. ಬಾಡಿಗೆ ಹಾಲಿನಲ್ಲಿ ಕೂಡುವ ನಮ್ಮ ಸಭೆಯ ಸಂಡೇ ಸ್ಕೂಲೂ ಕಾಯ್ದೆ ಹೇಳುವ ಸಭಾಶಾಲೆಯ (ಸಭೆ ನಡೆಸುವ ದೈನಂದಿನ ಶಾಲೆ) ಲೆಕ್ಕಕ್ಕೆ ಬರುವುದಿಲ್ಲ. ನನ್ನ ಮಟ್ಟಿಗೆ ನ್ಯೂಜೆರ್ಸಿಯ ಸಡಿಲಕ್ಕಿಂತ ಇಲ್ಲಿನ ಬಿಗಿಯೇ ಮೇಲು: ವರ್ಷಕ್ಕೊಮ್ಮೆ ಹೊರಗಿನವರೊಬ್ಬರು ಮಗುವಿನೊಡನೆ ಕೂತು ಮಾತಾಡುವುದರಿಂದ ತಂದೆತಾಯಿಯ ಕಣ್ಣು ತಪ್ಪಿದ ಕೊರತೆ ಹೊರಬರುತ್ತದೆ, ಮಗು ಮತ್ತೆ ಶಾಲೆಗೆ ಹೋಗಬೇಕಾಗಿ ಬಂದರೆ ಕೈಯಲ್ಲಿ ದಾಖಲೆಯೂ ಇರುತ್ತದೆ.

ಆ ಹೊರಗಿನವರೇ ಇವ್ಯಾಲ್ಯುಯೇಟರ್. ಅವರು ಪೋರ್ಟ್‌ಫೋಲಿಯೊ ನೋಡಿ, ಮಗುವನ್ನು ಸಂದರ್ಶಿಸಿ ಕೊಡುವ ಪ್ರಮಾಣಪತ್ರ ಜೂನ್ 30ರೊಳಗೆ ಡಿಸ್ಟ್ರಿಕ್ಟಿಗೆ ತಲುಪಬೇಕು. 2014ರ ತಿದ್ದುಪಡಿಯ ನಂತರ ಪ್ರಮಾಣಪತ್ರವೊಂದೇ ಸಾಕು, ಪೋರ್ಟ್‌ಫೋಲಿಯೊವನ್ನು ಹೊತ್ತೊಯ್ದು ಕಚೇರಿಯಲ್ಲಿ ಬಿಟ್ಟುಬರಬೇಡಿ. ಕಲಿಸುವವರಾಗಲಿ ಅವರ ಪತಿ ಅಥವಾ ಪತ್ನಿಯಾಗಲಿ ಇವ್ಯಾಲ್ಯುಯೇಟರ್ ಆಗುವಂತಿಲ್ಲ. ಅಂತೆಯೇ ಪ್ರಮಾಣಿತ ಪರೀಕ್ಷೆಯನ್ನು ತಂದೆತಾಯಿಯೇ ನಡೆಸುವಂತಿಲ್ಲ. ಮೇ ಕೊನೆಗೆ ಎಲ್ಲರೂ ಒಟ್ಟಿಗೆ ಹುಡುಕುವುದರಿಂದ ಫೆಬ್ರುವರಿಯಲ್ಲೇ ಒಬ್ಬರನ್ನು ಗೊತ್ತುಮಾಡಿಕೊಳ್ಳಿ.

ಸೈಬರ್ ಚಾರ್ಟರ್ ಶಾಲೆಯನ್ನು ಹೋಮ್‌ಸ್ಕೂಲಿಂಗ್ ಎಂದು ತಿಳಿದು ಸೇರಿಸುವವರೂ ಇದ್ದಾರೆ. ಲ್ಯಾಪ್‌ಟಾಪ್ ಕೊಡುತ್ತಾರೆ, ಶುಲ್ಕವಿಲ್ಲ, ಮಗು ಮನೆಯಲ್ಲೇ ಇರುತ್ತದೆ ಎಂಬುದೆಲ್ಲ ನಿಜ. ಆದರೆ ಅದು ಸರಕಾರಿ ಶಾಲೆಯೇ. ಪಠ್ಯ, ವೇಳಾಪಟ್ಟಿ, ಶಿಕ್ಷಕರು ಎಲ್ಲವೂ ಅವರದು, ಸತ್ಯವೇದ ಆಧಾರಿತ ಪಾಠಕ್ಕೆ ಅಲ್ಲಿ ಜಾಗವಿಲ್ಲ. ಅದಕ್ಕೆ ಸೇರಿದ ಮಗುವಿಗೆ ಹೋಮ್ ಎಜುಕೇಶನ್ ಅಫಿಡವಿಟ್ ಸಲ್ಲಿಸುವಂತಿಲ್ಲ.

ಪತಿಯ ಕೆಲಸದ ವೀಸಾವನ್ನು ಅವಲಂಬಿಸಿದ ಎಚ್-4 ವೀಸಾದಲ್ಲಿರುವ ತಾಯಂದಿರಿಗೆ ಒಂದು ಎಚ್ಚರಿಕೆ. ಕೆಲಸದ ಅನುಮತಿ ಪತ್ರ ಇಲ್ಲದೆ ನಿಮ್ಮ ಮಗುವಿಗೆ ಕಲಿಸಲು ಅಡ್ಡಿಯಿಲ್ಲ. ಆದರೆ ಹಲವು ಕುಟುಂಬಗಳು ಸೇರಿ ಮಕ್ಕಳಿಗೆ ಕಲಿಸುವ ಕೋ-ಆಪ್ ಗುಂಪಿನಲ್ಲಿ ಬೇರೆಯವರ ಮಕ್ಕಳಿಗೆ ಗಣಿತ ಹೇಳಿಕೊಟ್ಟು, ಅದಕ್ಕೆ ಅವರು ಪ್ರೀತಿಯಿಂದ ಕೊಟ್ಟ ಹಣವನ್ನು ಪಡೆದರೂ ಅದು ಅನುಮತಿಯಿಲ್ಲದ ಉದ್ಯೋಗವೆನಿಸಬಹುದು. ಹಣವಾಗಲಿ ಗಿಫ್ಟ್ ಕಾರ್ಡಾಗಲಿ ಬೇಡ.

ಒಂಬತ್ತನೆಯ ತರಗತಿಗೆ ಕಾಲಿಡುವ ಮೊದಲು ಮನೆಯವರೆಲ್ಲ ಕೂತು, ಕಾಲೇಜು ಇಲ್ಲೋ ಊರಿನಲ್ಲೋ ಎಂದು ತೀರ್ಮಾನಿಸಿ. ಇಲ್ಲಿಯೇ ಆದರೆ ನಾಲ್ಕು ವರ್ಷ ಇಂಗ್ಲಿಷ್, ಮೂರು ವರ್ಷ ಗಣಿತ, ಮೂರು ವರ್ಷ ವಿಜ್ಞಾನ, ಮೂರು ವರ್ಷ ಸಮಾಜ ವಿಜ್ಞಾನ, ಎರಡು ವರ್ಷ ಕಲೆ ಮತ್ತು ಮಾನವಿಕ ವಿಷಯಗಳು ಮುಗಿದ ಮೇಲೆ, ರಾಜ್ಯದ ನಮೂನೆಯಲ್ಲಿ ಇವ್ಯಾಲ್ಯುಯೇಟರ್ ಸಹಿಯೊಡನೆ ತಾಯಿ ಅಥವಾ ತಂದೆಯೇ ಡಿಪ್ಲೊಮಾ ಕೊಡಬಹುದು. ಊರಿಗೆ ಮರಳುವ ಯೋಚನೆಯಿದ್ದರೆ ಅದೊಂದನ್ನೇ ನಂಬಿ ಕೂರಬೇಡಿ. ಹದಿನಾಲ್ಕು ತುಂಬಿದ ಮಗು ಭಾರತ ಸರಕಾರದ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಬರೆಯಬಹುದು. ಆ ಅಂಕಪಟ್ಟಿ ಕೈಯಲ್ಲಿದ್ದರೆ ಮಂಗಳೂರಿನಲ್ಲಿ ಪಿಯುಸಿ ಸೀಟು ಕೇಳಲು ಹೋದಾಗ ಪ್ರಾಂಶುಪಾಲರ ಮುಂದೆ ಇಡಲು ಅವರಿಗೆ ಅರ್ಥವಾಗುವ ಒಂದು ಕಾಗದ ಇರುತ್ತದೆ.