ಒಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತಲ್ವಾ? ಕಥೆಯ ಜೋಡಿಯ ನಡುವೆ ನಂಬುವಂಥ ತಪ್ಪು ತಿಳುವಳಿಕೆ ಬರೆಯುವುದು ಹೇಗೆ

ಪ್ರೇಮಕಥೆ ಬರೆಯುವವರು ಜಾಸ್ತಿ ಎಡವುವುದು ಜಗಳದ ಹತ್ತಿರ. ಹುಡುಗ ಯಾರ ಜೊತೆಗೋ ಕೂತು ಕಾಫಿ ಕುಡಿಯುತ್ತಿರುತ್ತಾನೆ, ಹುಡುಗಿ ದೂರದಿಂದ ನೋಡಿ ಅಳುತ್ತಾ ಹೋಗುತ್ತಾಳೆ, ಅಲ್ಲಿಂದ ಹತ್ತು ಅಧ್ಯಾಯ ಇಬ್ಬರಿಗೂ ಮಾತಿಲ್ಲ. ಕೊನೆಗೆ ನೋಡಿದರೆ ಅವಳು ಅವನ ಅತ್ತಿಗೆ. ಓದುಗರಿಗೆ ರೇಗುತ್ತೆ. ಒಂದು ಫೋನ್ ಮಾಡಿ ಕೇಳಿದ್ದರೆ ಮುಗಿಯುತ್ತಿತ್ತಲ್ವಾ?

ಆ ಫೋನ್ ಯಾಕೆ ಮಾಡಲಿಲ್ಲ ಅನ್ನುವುದೇ ನಿಮ್ಮ ಕಥೆ. ಹಾಗಾಗಿ ಜಗಳದಿಂದ ಶುರು ಮಾಡಬೇಡಿ, ಇಬ್ಬರ ಭಯದಿಂದ ಶುರು ಮಾಡಿ.

ಒಂದು ಜೋಡಿಯನ್ನು ಕಟ್ಟಿ ನೋಡೋಣ. ಪ್ರಮೋದ ಬೆಂಗಳೂರಿನ ಹನುಮಂತನಗರದವನು. ಅಪ್ಪ ಅಮ್ಮನ ಜೊತೆ ಇದ್ದಾನೆ, ಚಾಮರಾಜಪೇಟೆಯ ಪ್ರಿಂಟಿಂಗ್ ಪ್ರೆಸ್ಸಲ್ಲಿ ಡಿಟಿಪಿ ಕೆಲಸ, ಓದಿದ್ದು ಕನ್ನಡ ಮೀಡಿಯಂ. ಸಿಂಧು ಸಾಗರದಿಂದ ಬಂದವಳು. ಸಾಫ್ಟ್‌ವೇರ್ ಕೆಲಸ, ದೊಮ್ಮಲೂರಲ್ಲಿ ಪಿಜಿ. ಅವಳ ಸಂಬಳ ಅವನದ್ದಕ್ಕಿಂತ ಎಷ್ಟೋ ಜಾಸ್ತಿ. ಇಬ್ಬರ ಜಾತಿ ಬೇರೆ, ಅವನು ಇನ್ನೂ ಮನೆಯಲ್ಲಿ ಹೇಳಿಲ್ಲ. ಅವಳ ಸ್ನೇಹಿತರ ಮುಂದೆ ತಾನು ಏನೂ ಅಲ್ಲ ಅನ್ನುವುದು ಅವನ ಭಯ. ಇವನು ನನ್ನನ್ನು ಮನೆಗೆ ಕರೆದುಕೊಂಡು ಹೋಗುವುದೇ ಇಲ್ಲ ಅನ್ನುವುದು ಅವಳದ್ದು. ಈ ಎರಡು ಸಾಲು ಬರೆದಿಟ್ಟುಕೊಳ್ಳದೆ ಮುಂದೆ ಹೋಗಬೇಡಿ. ಇಬ್ಬರದ್ದೂ ಒಂದೇ ಭಯ ಆದರೆ ಕಥೆ ಬೇಗ ಸಪ್ಪೆ ಆಗುತ್ತೆ.

ಈಗ ಒಂದು ಘಟನೆ ಬೇಕು. ಚಿಕ್ಕದೇ ಇರಲಿ.

ಸಿಂಧುವಿನ ಆಫೀಸಿನ ಗೆಳತಿಯ ಹುಟ್ಟುಹಬ್ಬ, ಶನಿವಾರ ಸಂಜೆ, ಇಂದಿರಾನಗರದಲ್ಲಿ. ಪ್ರಮೋದ ಬರುತ್ತೇನೆ ಅಂದಿದ್ದಾನೆ. ಮಧ್ಯಾಹ್ನ ಬೇರೆ ಯಾವುದೋ ಕಾರಣಕ್ಕೆ ಅವಳಿಗೆ ವಾಟ್ಸಾಪಲ್ಲಿ ಲೈವ್ ಲೊಕೇಷನ್ ಕಳಿಸಿದ್ದ, ಎಂಟು ಗಂಟೆಗಳ ಅವಧಿಯದ್ದು, ಆಮೇಲೆ ಮರೆತಿದ್ದಾನೆ. ನ್ಯಾಷನಲ್ ಕಾಲೇಜಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಲ್ಲಿ ಹಸಿರು ಮಾರ್ಗದಿಂದ ನೇರಳೆಗೆ ಬದಲಾಯಿಸಿ, ಇಂದಿರಾನಗರದಲ್ಲಿ ಇಳಿಯುತ್ತಾನೆ. ಅಲ್ಲಿ ಅವಳ ಸ್ನೇಹಿತರ ಗುಂಪು ಜೋರಾಗಿ ಇಂಗ್ಲಿಷಲ್ಲಿ ಹರಟುತ್ತಾ ಮೆಟ್ಟಿಲು ಇಳಿಯುತ್ತಿದೆ. ಒಬ್ಬ ದೊಡ್ಡ ಗಿಫ್ಟ್ ಬಾಕ್ಸ್ ಹಿಡಿದಿದ್ದಾನೆ. ಪ್ರಮೋದ ತನ್ನ ಕೈಯಲ್ಲಿದ್ದ ಕವರ್ ನೋಡಿಕೊಳ್ಳುತ್ತಾನೆ. ಹೊರಗೆ ಹೋಗದೆ ವಾಪಸ್ ರೈಲು ಹತ್ತುತ್ತಾನೆ.

ಅತ್ತ ಸಿಂಧು ಫೋನಲ್ಲಿ ಆ ಚುಕ್ಕೆಯನ್ನೇ ನೋಡುತ್ತಿದ್ದಾಳೆ. ಇಂದಿರಾನಗರಕ್ಕೆ ಬಂತು, ನಿಂತಿತು, ತಿರುಗಿ ಹೊರಟಿತು. ಎಂ.ಜಿ. ರೋಡ್ ದಾಟಿದ ಮೇಲೆ ಕಬ್ಬನ್ ಪಾರ್ಕ್ ಹತ್ತಿರ ಅಲುಗಾಡದೆ ನಿಂತುಬಿಟ್ಟಿತು. ನೇರಳೆ ಮಾರ್ಗ ಅಲ್ಲಿಂದ ನೆಲದಡಿಗೆ ಹೋಗುತ್ತೆ, ಒಳಗೆ ಲೊಕೇಷನ್ ಸರಿಯಾಗಿ ಸಿಗದೆ ಇರಬಹುದು ಅಂತ ಆ ಹೊತ್ತಲ್ಲಿ ಅವಳಿಗೆ ಹೊಳೆಯುವುದಿಲ್ಲ. ಯಾರನ್ನೋ ನೋಡೋಕೆ ಅಲ್ಲಿ ಇಳಿದ ಅಂದುಕೊಳ್ಳುತ್ತಾಳೆ. ರಾತ್ರಿ ಮೆಸೇಜ್ ಬರುತ್ತೆ: "ಸಾರಿ ಕಣೇ, ಬಸ್ಸಲ್ಲಿ ಬರ್ತಿದ್ದೆ, ಕಾರ್ಪೊರೇಷನ್ ಹತ್ರ ಫುಲ್ ಜಾಮ್, ವಾಪಸ್ ಹೋಗ್ಬಿಟ್ಟೆ."

ಅದು ಸುಳ್ಳು ಅಂತ ಅವಳಿಗೆ ಗೊತ್ತು. ಆದರೂ ಯಾಕೆ ಕೇಳುವುದಿಲ್ಲ? ಕೇಳಿದರೆ ಗಂಟೆಗಟ್ಟಲೆ ಅವನ ಚುಕ್ಕೆ ನೋಡುತ್ತಾ ಕೂತಿದ್ದೆ ಅಂತ ಒಪ್ಪಿಕೊಳ್ಳಬೇಕು. ಅಷ್ಟು ಅಂಟಿಕೊಂಡಿದ್ದೀನಿ ಅಂತ ತೋರಿಸಿಕೊಳ್ಳೋಕೆ ಅವಳಿಗೆ ನಾಚಿಕೆ. "ಪರವಾಗಿಲ್ಲ ಬಿಡು" ಅಂತ ಬರೆದು ಮಲಗುತ್ತಾಳೆ. ಅವನು ಅದನ್ನು ಓದಿ, ನಾನು ಬರದಿದ್ದದ್ದೇ ಒಳ್ಳೇದಾಯ್ತು ಅಂದುಕೊಂಡಳೇನೋ ಅಂತ ನಿದ್ದೆಗೆಡುತ್ತಾನೆ. ನೋಡಿ, ಇಬ್ಬರೂ ಕೆಟ್ಟವರಲ್ಲ, ಮಧ್ಯದಲ್ಲಿ ಯಾರೂ ಖಳನಾಯಕರಿಲ್ಲ.

ಜಗಳದ ಮಾತು ಬರೆಯುವಾಗ ನಿಜವಾದ ವಿಷಯ ಮೊದಲಿಗೇ ಬಾಯಿಗೆ ಬರಬಾರದು. ಮುಂದಿನ ವಾರ ಗಾಂಧಿ ಬಜಾರಲ್ಲಿ ದೋಸೆ ತಿಂದು ಬಿಲ್ ಬಂದಾಗ ಅವಳು ಫೋನ್ ತೆಗೆದು ಸ್ಕ್ಯಾನ್ ಮಾಡೋಕೆ ಹೋಗುತ್ತಾಳೆ.

"ನಾನು ಕೊಡ್ತೀನಿ ಬಿಡು."

"ಯಾರು ಕೊಟ್ರೇನೋ?"

"ಪ್ರತಿ ಸಲ ನೀನೇ ಯಾಕೆ ಕೊಡ್ಬೇಕು?"

"ನಿಂಗೆ ಇತ್ತೀಚೆಗೆ ಏನಾಗಿದೆ?"

"ಏನಿಲ್ಲ. ಬಸ್ ಹೊತ್ತಾಯ್ತು."

ಅಷ್ಟು ಸಾಕು. ಪಕ್ಕದಲ್ಲಿ "ಅವನ ಮನಸ್ಸಿನಲ್ಲಿ ಕೀಳರಿಮೆ ಕಾಡುತ್ತಿತ್ತು" ಅಂತ ವಿವರಣೆ ಬರೆಯಬೇಡಿ. ಓದುಗರಿಗೆ ಶನಿವಾರ ನೆನಪಿದೆ.

ಹತ್ತಿರದವರು ಯಾಕೆ ಬಿಡಿಸಿ ಹೇಳುವುದಿಲ್ಲ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕೆನೆತ್ ಸವಿಟ್‌ಸ್ಕಿ ಮತ್ತು ಜೊತೆಗಾರರು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬೇರೆ ಬೇರೆ ಅರ್ಥ ಬರುವಂಥ ಮಾತನ್ನು ಅಪರಿಚಿತರಿಗಿಂತ ತಮ್ಮ ಸಂಗಾತಿಯೇ ಚೆನ್ನಾಗಿ ಹಿಡಿಯುತ್ತಾರೆ ಅಂತ ಜನ ನಂಬಿದ್ದರು, ಆದರೆ ಅವರು ನಂಬಿದಷ್ಟು ವ್ಯತ್ಯಾಸ ಅಲ್ಲಿರಲಿಲ್ಲ. ನಿಮ್ಮ ಪಾತ್ರಗಳಿಗೂ ಈ ಭ್ರಮೆ ಇರಲಿ. "ಅವಳಿಗೆ ಗೊತ್ತಾಗುತ್ತೆ ಬಿಡು" ಅಂತ ಅವನು ಸುಮ್ನೆ ಇರಲಿ, ಅವಳಿಗೆ ಗೊತ್ತಾಗದೆ ಹೋಗಲಿ.

ಒಂದು ವಿಷಯದಲ್ಲಿ ಮಾತ್ರ ದಯವಿಟ್ಟು ಎಚ್ಚರ. ಅಭದ್ರತೆಯನ್ನು ಬರೆಯುತ್ತಾ ಬರೆಯುತ್ತಾ ಹತೋಟಿಯನ್ನು ಪ್ರೀತಿ ಅಂತ ತೋರಿಸಬೇಡಿ. ಪಾಸ್‌ವರ್ಡ್ ಕೇಳುವುದು, ಯಾರ ಜೊತೆ ಮಾತಾಡಬೇಕು ಅಂತ ಹೇಳುವುದು, ಪಿಜಿ ಕೆಳಗೆ ಬಂದು ಕಾಯುತ್ತಾ ನಿಂತು ಹೆದರಿಸುವುದು, ಇವನ್ನೆಲ್ಲ "ಅಷ್ಟು ಪ್ರೀತಿ ಅವನಿಗೆ" ಅಂತ ಮುಗಿಸುವ ಕಥೆಗಳು ಸಾಕಷ್ಟಿವೆ. ಸಿಂಧು ಚುಕ್ಕೆ ನೋಡಿದ್ದೂ ಅವಳಿಗೆ ಅಸಹ್ಯ ಅನ್ನಿಸಬೇಕು, ಅದನ್ನು ಕಥೆ ಒಪ್ಪಿಕೊಳ್ಳಬೇಕು. ಓದುವವರಲ್ಲಿ ಹದಿನೆಂಟು ತುಂಬದವರೂ ಇರುತ್ತಾರೆ.

ರಾಜಿ ಮಾಡಿಸುವಾಗ ಮಳೆ, ಓಟ, ಅಪ್ಪುಗೆ ಬೇಡ. ಯಾರಾದರೂ ಒಬ್ಬರು ತಮಗೆ ನಾಚಿಕೆ ಆಗುವ ಒಂದು ನಿಜ ಹೇಳಲಿ. "ಅವತ್ತು ನಿನ್ನ ಲೊಕೇಷನ್ ನೋಡ್ತಾ ಇದ್ದೆ" ಅಂತ ಸಿಂಧು ಹೇಳಿದರೆ ಸಾಕು, ಪ್ರಮೋದನಿಗೆ ಬಸ್ಸಿನ ಸುಳ್ಳಿಗೆ ಜಾಗವೇ ಇರುವುದಿಲ್ಲ. ಅವನಿಗೆ ಮೊದಲು ಕೋಪ ಬರಲಿ, ಆಮೇಲೆ ಕವರಿನ ವಿಷಯ ಹೇಳಲಿ. ಜಾತಿಯ ಮಾತು, ಮನೆಯ ಮಾತು ಅವತ್ತೇ ಬಗೆಹರಿಯಬಾರದು. ಅವನು ಅಮ್ಮನಿಗೆ ಹೇಳುತ್ತಾನೋ ಇಲ್ಲವೋ ಅನ್ನುವುದಕ್ಕೆ ಬೇರೆ ಅಧ್ಯಾಯವೇ ಬೇಕು.

ಬರೆದಾದ ಮೇಲೆ ಇಬ್ಬರಿಗೆ ಓದಿಸಿ, ತಪ್ಪು ಯಾರದ್ದು ಅಂತ ಕೇಳಿ. ಇಬ್ಬರೂ ತಡವರಿಸದೆ ಒಂದೇ ಹೆಸರು ಹೇಳಿದರೆ ಆ ಪಾತ್ರದ ಭಯವನ್ನು ನೀವಿನ್ನೂ ಪೂರ್ತಿ ಬರೆದಿಲ್ಲ. ಅವನ ಕಡೆಯಿಂದ, ಅಥವಾ ಅವಳ ಕಡೆಯಿಂದ, ಆ ಶನಿವಾರವನ್ನು ಮತ್ತೊಂದು ಸಲ ಬರೆಯಿರಿ.