ಒರಗಿ ಓಡಿಸುವ ಸೈಕಲ್‌ಗೆ ಮನೆಯಲ್ಲೇ ಮೆತ್ತೆ, ದಿಂಬು, ಚೀಲ

ಸೊಂಟ ನೋವು ಅಂತ ರಿಕಂಬೆಂಟ್ ಸೈಕಲ್ (ಕುರ್ಚಿಯಂಥ ಸೀಟಿಗೆ ಒರಗಿ ಕೂತು ಮುಂದಿರುವ ಪೆಡಲ್ ತುಳಿಯುವ ಎರಡು ಅಥವಾ ಮೂರು ಚಕ್ರದ ಸೈಕಲ್) ತಗೊಂಡವರು ಮೊದಲ ವಾರವೇ ದಪ್ಪ ಮೆತ್ತೆ ಹುಡುಕಲು ಹೊರಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಹಳೇ ಸೋಫಾದ ಸ್ಪಂಜನ್ನು ನಾಲ್ಕು ಇಂಚು ದಪ್ಪಕ್ಕೆ ಕತ್ತರಿಸಿದೆ. ಚಂದದ ಕವರ್ ಹೊಲಿದೆ. ಸೀಟಿಗೆ ಕಟ್ಟಿ ಮಹಾರಾಜನ ಹಾಗೆ ಒರಗಿ ಕೂತೆ. ಅರ್ಧ ಗಂಟೆಯಲ್ಲಿ ಮಂಡಿ ನೋಯತೊಡಗಿತು. ಸೊಂಟದ ನೋವಿಗೆ ಮದ್ದು ಮಾಡಲು ಹೋಗಿ ಮಂಡಿಗೆ ನೋವು ತಂದುಕೊಂಡಿದ್ದೆ, ಅಷ್ಟೇ.

ಕಾರಣ ಸುಲಭ. ಬೆನ್ನ ಹಿಂದೆ ನಾಲ್ಕು ಇಂಚು ಮೆತ್ತೆ ಬಂದರೆ ನೀವು ನಾಲ್ಕು ಇಂಚು ಮುಂದೆ ಬಂದ ಹಾಗೆ. ಪೆಡಲ್ ಹತ್ತಿರವಾಗುತ್ತದೆ, ಕಾಲು ಪೂರ್ತಿ ಚಾಚುವುದಿಲ್ಲ, ಮಂಡಿ ಸದಾ ಮಡಿಸಿಕೊಂಡೇ ಇರುತ್ತದೆ. ಇನ್ನೊಂದು ವಿಷಯ. ಈ ಸೈಕಲ್‌ನಲ್ಲಿ ನಾವು ಬೆನ್ನನ್ನು ಸೀಟಿಗೆ ಒತ್ತಿಕೊಟ್ಟು ಕಾಲನ್ನು ಮುಂದಕ್ಕೆ ತಳ್ಳುತ್ತೇವೆ. ಬೆನ್ನ ಹಿಂದೆ ಮೆತ್ತಗಿದ್ದರೆ ಆ ಬಲವೆಲ್ಲ ಸ್ಪಂಜಿನೊಳಗೇ ಹೋಗುತ್ತದೆ. ಹಾಗಾಗಿ ಸೂಜಿ ದಾರ ಕೈಗೆ ತಗೊಳ್ಳುವ ಮೊದಲು ಅಳತೆ ಸರಿಮಾಡಿ. ಪೆಡಲ್ ಅತಿ ದೂರದಲ್ಲಿದ್ದಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಅದೇ ಜಾಗದಲ್ಲಿ ಪಾದದ ಮುಂಭಾಗ ಇಟ್ಟರೆ ಮಂಡಿ ಸ್ವಲ್ಪ ಮಡಿಸಿರಬೇಕು. ಪೆಡಲ್ ಇರುವ ಮುಂದಿನ ಕೊಳವೆಯನ್ನು ಜಾಸ್ತಿ ಹಿಂದೆ ಮುಂದೆ ಮಾಡಿದರೆ ಚೈನಿನ ಉದ್ದವನ್ನೂ ನೋಡಿಕೊಳ್ಳಬೇಕಾದೀತು.

ಈಗ ಮೆತ್ತೆಗೆ ಬರೋಣ. ನಿಮ್ಮದು ಬಲೆಯಂಥ ಬಟ್ಟೆ ಬಿಗಿದ ಸೀಟಾದರೆ ಮೆತ್ತೆಯೇ ಬೇಡ. ಬಟ್ಟೆ ಜೋಲು ಬಿದ್ದಿದ್ದರೆ ಹಿಂದಿನ ಲಾಡಿಗಳನ್ನು ಬಿಗಿ ಮಾಡಿ. ಎಷ್ಟೋ ಜನರ ತೊಂದರೆ ಅಲ್ಲಿಗೇ ಮುಗಿಯುತ್ತದೆ. ಗಟ್ಟಿ ಚಿಪ್ಪಿನ ಸೀಟಿಗೆ ಮಾತ್ರ ಮೆತ್ತೆ ಬೇಕು. ಅದೂ ಎರಡರಿಂದ ಮೂರು ಸೆಂಟಿಮೀಟರ್ ದಪ್ಪ ಸಾಕು. ಸೋಫಾದ ಸ್ಪಂಜು ಬೇಡ, ಅದು ನೀರು ಕುಡಿಯುತ್ತದೆ. ಒಂದು ಮಳೆಗೆ ಸಿಕ್ಕರೆ ಎರಡು ದಿನ ಒದ್ದೆಯ ಮೇಲೇ ಕೂರಬೇಕು. ಹಳೇ ಯೋಗ ಮ್ಯಾಟು ಅಥವಾ ಟೆಂಟಿನಲ್ಲಿ ಹಾಸಿಕೊಳ್ಳುವ ಫೋಮ್ ಚಾಪೆ ಒಳ್ಳೆಯದು. ಅದರೊಳಗೆ ನೀರು ಇಳಿಯುವುದಿಲ್ಲ. ಎರಡು ಮೂರು ಪದರ ಒಂದರ ಮೇಲೊಂದು ಅಂಟಿಸಿ. ಮೊದಲು ಹಳೇ ಪೇಪರನ್ನು ಸೀಟಿನ ಮೇಲೆ ಹಾಸಿ, ಅಂಚು ಒತ್ತಿ ಗುರುತು ಮಾಡಿ, ಆ ಅಚ್ಚಿನ ಹಾಗೆ ಕತ್ತರಿಸಿ. ಸೀದಾ ಫೋಮ್ ಮೇಲೆ ಕತ್ತರಿ ಹಾಕಬೇಡಿ. ಆ ಆತುರಕ್ಕೆ ನನ್ನ ಎರಡು ಮ್ಯಾಟು ಹಾಳಾಗಿವೆ.

ಮೇಲಿನ ಪದರದಲ್ಲಿ ನಡುವೆ ಒಂದು ಕಾಲುವೆ ಬಿಡಬೇಕು. ಎರಡು ಬೆರಳಗಲ, ಮೇಲಿಂದ ಕೆಳತನಕ. ಬೆನ್ನುಮೂಳೆ ಅದರಲ್ಲಿ ಕೂರುತ್ತದೆ, ತುದಿಯ ಬಾಲದ ಮೂಳೆಗೆ ಒತ್ತಡ ಬೀಳುವುದಿಲ್ಲ, ಗಾಳಿಯೂ ಆಡುತ್ತದೆ. ಈ ಸೈಕಲ್‌ನಲ್ಲಿ ಬೆನ್ನು ಬೆವರುವಷ್ಟು ಬೇರೆ ಯಾವುದರಲ್ಲೂ ಬೆವರಲಿಕ್ಕಿಲ್ಲ. ಅದಕ್ಕೆ ಮೇಲ್ಪದರವಾಗಿ ಎರಡು ವಸ್ತು ನನಗೆ ಒಗ್ಗಿವೆ. ಒಂದು, ಮೀನಿನ ಕೊಳದ ನೀರು ಸೋಸಲು ಬಳಸುವ ದೊಡ್ಡ ತೂತಿನ ಒರಟು ಸ್ಪಂಜು. ನೀರು ಹಿಡಿದಿಟ್ಟುಕೊಳ್ಳದೆ ಜರ್ರನೆ ಬಿಡುತ್ತದೆ. ಇನ್ನೊಂದು, ಹರಿದ ಬ್ಯಾಕ್‌ಪ್ಯಾಕಿನ ಬೆನ್ನಿಗೆ ತಾಗುವ ಕಡೆ ಇರುವ ದಪ್ಪ ಜಾಲರಿ ಬಟ್ಟೆ. ಚೀಲ ಎಸೆಯುವ ಮೊದಲು ಅದನ್ನು ಬಿಚ್ಚಿಕೊಳ್ಳಿ. ಹಾಗೇ ಬಕಲ್, ಪಟ್ಟಿ, ಝಿಪ್ ಎಲ್ಲ ಬಿಚ್ಚಿ ಡಬ್ಬಿಗೆ ಹಾಕಿ. ಮುಂದೆ ಹೊಲಿಯುವ ಪ್ರತಿಯೊಂದಕ್ಕೂ ಅವು ಬೇಕು.

ಸೊಂಟದ ಹಿಂದೆ ಸಣ್ಣ ದಿಂಬು ಬೇಕು ಅನಿಸಿದರೆ ಮೊದಲು ಕೈ ಒರೆಸುವ ಟವೆಲನ್ನು ಸುತ್ತಿ ಸೀಟಿಗೆ ಕಟ್ಟಿ. ಒಂದು ವಾರ ಓಡಿಸಿ. ಒಂದು ಸುತ್ತು ಬಿಚ್ಚಿ ನೋಡಿ, ಒಂದು ಇಂಚು ಮೇಲೆ ಏರಿಸಿ ನೋಡಿ. ಎಲ್ಲಿ, ಎಷ್ಟು ದಪ್ಪ ಹಿತ ಅಂತ ಮೈ ತಾನೇ ಹೇಳುತ್ತದೆ. ಆಮೇಲೆ ಆ ಅಳತೆಗೆ ಹೊಲಿಯಿರಿ. ಆದರೆ ಒಂದೇ ವಾರದಲ್ಲಿ ದಿಂಬನ್ನೂ ಬದಲಿಸಿ ಸೀಟಿನ ಓರೆಯನ್ನೂ ಬದಲಿಸಿದರೆ ಯಾವುದರಿಂದ ಹಿತವಾಯಿತು ಅಂತ ತಿಳಿಯುವುದಿಲ್ಲ.

ಕತ್ತಿನ ಆಸರೆ ಎಲ್ಲರಿಗೂ ಬೇಕಿಲ್ಲ. ಸೀಟನ್ನು ತುಂಬ ಮಲಗಿಸಿ ಓಡಿಸುವವರಿಗೆ ಮಾತ್ರ. ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಮನೆಯ ದಿಂಬಿನ ಹಾಗೆ ತಲೆಯ ಹಿಂಭಾಗಕ್ಕೆ ಆಸರೆ ಇಡುತ್ತಾರೆ. ರಸ್ತೆಯ ಪ್ರತಿ ಕುಲುಕೂ ಸೀದಾ ತಲೆಗೆ ಬಂದು ಹಲ್ಲು ಕಟಕಟ ಅನ್ನುತ್ತದೆ. ಹೆಲ್ಮೆಟ್ ಬೇರೆ ಅದಕ್ಕೆ ತಾಗಿ ಮುಂದಕ್ಕೆ ಸರಿದು ಕಣ್ಣು ಮುಚ್ಚುತ್ತದೆ. ಆಸರೆ ಇರಬೇಕಾದ್ದು ಕೆಳಗೆ, ತಲೆಬುರುಡೆ ಮುಗಿದು ಕತ್ತು ಶುರುವಾಗುವ ಗುಳಿಯಲ್ಲಿ. ಎರಡು ಬೆರಳಗಲದ ಅಲ್ಯುಮಿನಿಯಂ ಪಟ್ಟಿಯನ್ನು ಬಗ್ಗಿಸಿ ಸೀಟಿನ ಬೆನ್ನಿಗೆ ಬೋಲ್ಟ್ ಮಾಡಿ. ತೂತನ್ನು ಗುಂಡಗೆ ಮಾಡದೆ ಉದ್ದಕ್ಕೆ ಕೊರೆದರೆ ಎತ್ತರ ಹೊಂದಿಸಬಹುದು. ಪಟ್ಟಿಯ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡುವುದನ್ನು ಮರೆಯಬೇಡಿ, ಅದು ಕತ್ತಿನ ಹಿಂದೆ ಇರುವ ವಸ್ತು. ಮೇಲೆ ಬಿಸಿನೀರಿನ ಪೈಪಿಗೆ ಸುತ್ತುವ ಫೋಮ್ ಕೊಳವೆಯ ತುಂಡು ಹಾಕಿ, ಹಳೇ ಟೀ ಶರ್ಟಿನ ತೋಳನ್ನು ತೊಡಿಸಿ. ತೋಳು ಒಗೆಯಲು ಬರುತ್ತದೆ, ಹೊಲಿಗೆಯೂ ಬೇಡ. ಕತ್ತು ಅದಕ್ಕೆ ಸುಮ್ನೆ ತಾಗಿರಬೇಕು, ಭಾರ ಬಿಡಬಾರದು. ರಸ್ತೆ ಕೆಟ್ಟಿದ್ದ ಕಡೆ ತಲೆ ಎತ್ತಿಕೊಳ್ಳಿ.

ಪಾದ ಎತ್ತರದಲ್ಲಿರುವುದರಿಂದ ಬೆರಳು ಜೋಮು ಹಿಡಿಯುವುದು ಸಾಮಾನ್ಯ. ಶೂ ಲೇಸ್ ಸಡಿಲ ಮಾಡಿ. ಪೆಡಲನ್ನು ಬೆರಳಿನ ಬುಡದಿಂದ ಸ್ವಲ್ಪ ಹಿಮ್ಮಡಿಯ ಕಡೆಗೆ ತಂದುಕೊಳ್ಳಿ. ಅಟ್ಟೆ ತೆಳುವಾಗಿದ್ದರೆ ಒಳಗೆ ಗಟ್ಟಿ ಅಟ್ಟೆ ಸೇರಿಸಿ. ಇನ್ನು ಪಾದ ಜಾರದಂತೆ ಹಿಡಿಯುವ ಪಟ್ಟಿ. ಇದೊಂದನ್ನು ಮಾತ್ರ ಮನೆಯಲ್ಲಿ ಮಾಡಬೇಡಿ ಅಂತ ನಾನು ಹೇಳುವುದು. ಮೂರು ಚಕ್ರದ ಗಾಡಿ ಓಡುತ್ತಿರುವಾಗ ಪಾದ ಜಾರಿ ನೆಲಕ್ಕೆ ತಾಗಿದರೆ ಗಾಡಿ ಮುಂದೆ ಹೋಗುತ್ತದೆ, ಕಾಲು ಹಿಂದೆ ಉಳಿದು ಅಡಿಗೆ ಸಿಕ್ಕಿಕೊಳ್ಳುತ್ತದೆ. ಮೂಳೆ ಮುರಿಯುವ ಮಾತು. ಹಿಮ್ಮಡಿ ಹಿಡಿಯುವ ಪೆಡಲನ್ನೋ ಪೆಡಲಿಗೆ ಸಿಕ್ಕಿಕೊಳ್ಳುವ ಕ್ಲಿಪ್ ಶೂವನ್ನೋ ಕೊಂಡುಕೊಳ್ಳಿ. ನಮ್ಮ ಕೈಕೆಲಸವೆಲ್ಲ ಪಟ್ಟಿ ಉಜ್ಜುವ ಜಾಗಕ್ಕೆ ಮೆತ್ತನೆ ಬಟ್ಟೆ ಸುತ್ತುವಷ್ಟಕ್ಕೆ ಸಾಕು. ಎರಡು ಚಕ್ರದ್ದಾದರೆ ನಿಂತಾಗ ಕಾಲೂರಬೇಕು, ಹಾಗಾಗಿ ಪಾದವನ್ನು ಕಟ್ಟಿಹಾಕುವ ಆಲೋಚನೆಯೇ ಬೇಡ.

ಇದನ್ನು ಮುದುಕರ ಸೈಕಲ್ ಅಂತ ಮೊಮ್ಮಗ ನಗುತ್ತಾನೆ. 1933ರಲ್ಲಿ ಫ್ರಾನ್ಸಿಸ್ ಫೋರ್ ಅನ್ನುವ ಫ್ರೆಂಚ್ ಸವಾರ ಇಂಥದೇ ಒರಗು ಸೈಕಲ್‌ನಲ್ಲಿ ಒಂದು ಗಂಟೆಗೆ 45 ಕಿಲೋಮೀಟರಿಗೂ ಜಾಸ್ತಿ ಓಡಿಸಿ, 1914ರಿಂದ ನಿಂತಿದ್ದ ದಾಖಲೆ ಮುರಿದ. ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆ ಈ ಬಗೆಯ ಸೈಕಲ್‌ಗಳನ್ನು ತನ್ನ ಪಂದ್ಯಗಳಿಂದ ಹೊರಗಿಟ್ಟಿತು. ಪಂದ್ಯದಲ್ಲಿ ಇಲ್ಲದ್ದನ್ನು ಜಾಸ್ತಿ ಮಾಡುವವರು ಯಾರು? ಅದಕ್ಕೇ ಇದರ ಬಿಡಿ ಸಾಮಾನು ಇವತ್ತಿಗೂ ಎಲ್ಲೆಡೆ ಸಿಗುವುದಿಲ್ಲ, ನಾವು ಹೊಲಿಗೆ ಯಂತ್ರದ ಮುಂದೆ ಕೂರಬೇಕಾಗಿದೆ ಅಂತ ಅವನಿಗೆ ಹೇಳಿದ್ದೇನೆ.

ಚೀಲಕ್ಕೆ ಹಳೇ ಜೀನ್ಸಿನ ಕಾಲು ಒಳ್ಳೆಯದು. ಒಂದು ಬದಿ ಮುಚ್ಚಿ, ಇನ್ನೊಂದಕ್ಕೆ ಝಿಪ್ ಹಾಕಿ, ಸೀಟಿನ ಹಿಂದೆ ಅಡ್ಡಕ್ಕೆ ಕಟ್ಟಿ. ಪಟ್ಟಿ ಹೊಲಿಯುವಾಗ ಚೌಕ ಹೊಲಿದು ಅದರೊಳಗೆ ಗುಣಾಕಾರದ ಗುರುತಿನ ಹಾಗೆ ಹೊಲಿಗೆ ಹಾಕಿದರೆ ಬಿಚ್ಚುವುದಿಲ್ಲ. ಪಟ್ಟಿಯ ಉಳಿದ ತುದಿಯನ್ನು ಕತ್ತರಿಸಿ ಅಥವಾ ಎಲಾಸ್ಟಿಕ್ ಉಂಗುರದಲ್ಲಿ ಸಿಕ್ಕಿಸಿ. ನಾನು ಹಾಗೇ ಜೋತುಬಿಟ್ಟಿದ್ದೆ. ಅದು ಚಕ್ರದ ಕಡ್ಡಿಗೆ ಸುತ್ತಿಕೊಂಡು ಗಾಡಿ ಗಕ್ಕನೆ ನಿಂತಿತು. ಇಳಿಜಾರಿನಲ್ಲಿ ಆಗಿದ್ದರೆ ಈ ಲೇಖನ ಬರೆಯಲು ಕೂರುತ್ತಿರಲಿಲ್ಲ. ಜೀನ್ಸಿನ ಉಳಿದ ತುಂಡಿನಿಂದ ಕಾಲಿಗೆ ಅಗಲ ಪಟ್ಟಿ ಮಾಡಿ ವೆಲ್ಕ್ರೋ ಹಚ್ಚಿಕೊಳ್ಳಿ, ಚೈನಿನ ಗ್ರೀಸು ಬಟ್ಟೆಗೆ ಮೆತ್ತುವುದಿಲ್ಲ.

ಬಿಸಿಲು ಇಲ್ಲಿ ಬೀಳುವ ಜಾಗವೇ ಬೇರೆ. ತೊಡೆಯ ಮೇಲ್ಭಾಗ, ಮೊಣಕಾಲ ಕೆಳಗಿನ ಮುಂಭಾಗ, ಗದ್ದದ ಅಡಿ. ಹಳೇ ಹತ್ತಿ ಪ್ಯಾಂಟು ಸಡಿಲವಾಗಿ ಹಾಕಿಕೊಂಡರೆ ಸಾಕು.

ಮಳೆಗೆ, ಕಡ್ಡಿ ಮುರಿದ ಛತ್ರಿಯ ಬಟ್ಟೆ ಎಸೆಯಬೇಡಿ. ಅಂಚಿನ ಸುತ್ತ ಎಲಾಸ್ಟಿಕ್ ಓಡಿಸಿದರೆ ನಿಲ್ಲಿಸಿದ ಸೈಕಲ್‌ನ ಸೀಟಿಗೆ ಟೋಪಿಯ ಹಾಗೆ ಕೂರುತ್ತದೆ. ಹೊರಡುವಾಗ ತೆಗೆಯುವುದು ನೆನಪಿರಲಿ. ಅದರ ಮೇಲೇ ಕೂತರೆ ಮೊದಲ ಬ್ರೇಕಿಗೇ ಸರ್ರನೆ ಮುಂದಕ್ಕೆ ಜಾರುತ್ತೀರಿ. ನಾನು ಮೂರು ಸಲ ಜಾರಿದ ಮೇಲೆ ಬ್ರೇಕಿನ ಹಿಡಿಗೇ ಸಿಕ್ಕಿಸುವ ಹಾಗೆ ಕವರ್‌ಗೆ ಒಂದು ಉದ್ದ ಕೆಂಪು ಲಾಡಿ ಹೊಲಿದೆ.