ಕಮರಿಯ ಹೂವು, ನಕ್ಷೆಯ ಚುಕ್ಕೆ

ಈಸ್ಟ್‌ವುಡ್ ಮಂಕಿಫ್ಲವರ್ ಕಡುಗೆಂಪು ಹೂ ಬಿಡುವ ಪುಟ್ಟ ಗಿಡ. ಅಮೆರಿಕದ ಯೂಟಾ, ಅರಿಜೋನಾ ಕಡೆಯ ಮರುಭೂಮಿ ಕಮರಿಗಳಲ್ಲಿ, ಮರಳುಗಲ್ಲಿನ ಗೋಡೆಯಿಂದ ನೀರು ಜಿನುಗುವ ನೆರಳಿನ ಪೊಳ್ಳುಗಳಲ್ಲಿ ಮಾತ್ರ ಬದುಕುತ್ತದೆ. ನವಾಹೊ ಮರಳುಗಲ್ಲಿನೊಳಗೆ ಇಳಿದ ನೀರು ಅದರ ಕೆಳಗಿನ ಬಿಗಿಯಾದ ಕಯೆಂಟಾ ಪದರವನ್ನು ದಾಟಲಾರದೆ ಪಕ್ಕಕ್ಕೆ ಹರಿದು ಗೋಡೆಯಲ್ಲಿ ಹೊರಬರುತ್ತದೆ. ಗಿಡ ಇರುವುದು ಆ ತೇವದ ಗೆರೆಯಲ್ಲೇ.

ಇದರ ಹರ್ಬೇರಿಯಂ ದಾಖಲೆಗಳನ್ನು (ಹರ್ಬೇರಿಯಂ ಎಂದರೆ ಒಣಗಿಸಿ ಹಾಳೆಗೆ ಅಂಟಿಸಿದ ಗಿಡಗಳ ಸಂಗ್ರಹಾಲಯ; ಎಲ್ಲಿ, ಯಾವಾಗ ಸಿಕ್ಕಿತೆಂಬ ಚೀಟಿ ಹಾಳೆಯಲ್ಲೇ ಇರುತ್ತದೆ) ಆನ್‌ಲೈನ್‌ನಿಂದ ಇಳಿಸಿಕೊಂಡು ನಕ್ಷೆಗೆ ಹಾಕಿದೆ. ಎಷ್ಟೋ ಚುಕ್ಕೆಗಳು ಕಮರಿಯ ಮೇಲಿನ ಬಟಾಬಯಲು ಬಂಡೆಯ ಮೇಲೆ ಹೋಗಿ ಕೂತವು. ಅಲ್ಲಿ ಈ ಗಿಡ ಒಂದು ಬೇಸಿಗೆಯನ್ನೂ ದಾಟುವುದಿಲ್ಲ.

ಅಲ್ಲಿಂದ ಮುಂದೆ ನಾನು ಅಕ್ಷಾಂಶ ರೇಖಾಂಶ ಬಿಟ್ಟು ಹಾಳೆಯ ಚೀಟಿಯ ಫೋಟೊಗಳನ್ನೇ ಓದತೊಡಗಿದೆ. ಹಳೆಯ ಚೀಟಿಗಳಲ್ಲಿ ಅಮೆರಿಕದ ಭೂಮಾಪನದ ಚೌಕಗಳಾದ ಟೌನ್‌ಶಿಪ್, ರೇಂಜ್, ಸೆಕ್ಷನ್ ಅಷ್ಟೇ ಇರುತ್ತದೆ. ಒಂದು ಸೆಕ್ಷನ್ ಎಂದರೆ ಒಂದು ಚದರ ಮೈಲಿ. ಯಾರೋ ಅದರ ನಟ್ಟನಡುವೆ ಚುಕ್ಕೆ ಇಟ್ಟಿದ್ದರೆ ನಿಜವಾದ ಜಾಗ ಸುಮಾರು 1,140 ಮೀಟರ್ ಆಚೆಗೂ ಇರಬಹುದು. ಹಳೆಯ ಕಾಗದದ ನಕ್ಷೆ ನೋಡಿ ಬರೆದುಕೊಂಡ ಯುಟಿಎಂ ಅಂಕಿಗಳದು (ಜಾಗವನ್ನು ಮೀಟರ್ ಲೆಕ್ಕದಲ್ಲಿ ಹೇಳುವ ಜಾಲರಿಯ ಅಂಕಿಗಳು) ಬೇರೆ ಕಥೆ. ಆ ನಕ್ಷೆಗಳು 1927ರ ಡೇಟಮ್‌ನವು, ಅಂದರೆ ಭೂಮಿಯ ಆಕಾರದ ಬಗ್ಗೆ ಆಗಿನ ಆಧಾರ ಲೆಕ್ಕದವು; ಅದೇ ಅಂಕಿಗಳನ್ನು ಈಗಿನ ಜಿಪಿಎಸ್ ಲೆಕ್ಕದಲ್ಲಿ ಓದಿದರೆ ಯೂಟಾದಲ್ಲಿ ಉತ್ತರ–ದಕ್ಷಿಣವಾಗಿ ಸುಮಾರು 200 ಮೀಟರ್ ಜರುಗುತ್ತದೆ. ಬಯಲುಸೀಮೆಯಲ್ಲಿ ಅದು ಲೆಕ್ಕಕ್ಕಿಲ್ಲ. ಕಿರಿದಾದ ಪಕ್ಕದ ಕಮರಿಯಲ್ಲಾದರೆ ತಳದಲ್ಲಿದ್ದ ಗಿಡ ನೆತ್ತಿ ಹತ್ತಿಬಿಡುತ್ತದೆ.

ಹಾಗಾಗಿ ನಾನು ಹೆಚ್ಚು ನಂಬುವುದು ಚೀಟಿಯ ಮಾತುಗಳನ್ನು: ‘ಉತ್ತರಕ್ಕೆ ಮುಖ ಮಾಡಿದ ಪೊಳ್ಳು’, ‘ಚಾವಣಿಯಿಂದ ಜೋತಾಡುತ್ತಿದೆ’. ಇಂಥ ಒಂದು ಸಾಲು ಸಿಕ್ಕರೆ ಕಮರಿಯ ಯಾವ ಮಗ್ಗುಲು ಎಂಬುದು ಉಪಗ್ರಹ ಚಿತ್ರದಲ್ಲಿ ತಾನಾಗಿ ಗೊತ್ತಾಗುತ್ತದೆ.

ಗಿಡ ಅದೇ ಹೌದೇ ಎಂದೂ ನೋಡಲೇಬೇಕು. ಒಣಗಿದ ಮೇಲೆ ಕೆಂಪು ಮಾಸುವುದರಿಂದ ಬಣ್ಣ ಸಾಕ್ಷಿಯಲ್ಲ. ಯೂಟಾದ ಜೈಯಾನ್ ಕಮರಿಯ ಜಿನುಗುಗೋಡೆಗಳಲ್ಲಿ ಇದರ ನೆಂಟ, ಕಾರ್ಡಿನಲ್ ಮಂಕಿಫ್ಲವರ್, ಬೆಳೆಯುತ್ತದೆ; ಅದು ನೆಟ್ಟಗೆ ಎತ್ತರ ಬೆಳೆಯುವ ಗಿಡ. ಫೋಟೊ ಹಿಗ್ಗಿಸಿ ಬುಡ ನೋಡುತ್ತೇನೆ. ದಾರದಂಥ ಹರಿಬಳ್ಳಿ (ಬುಡದಿಂದ ಹೊರಟು ಹರಡುವ ತೆಳು ಕಾಂಡ) ಹಾಳೆಯ ಅಂಚಿನವರೆಗೆ ಹೊರಟಿದ್ದು, ಗಿಡ ಗೇಣುದ್ದದ ಆಸುಪಾಸಿನಲ್ಲೇ ಇದ್ದರೆ ಈಸ್ಟ್‌ವುಡ್‌ನದೇ. 2012ರಿಂದ ಇದನ್ನು ಎರಿತ್ರಾಂತೆ ಕುಲಕ್ಕೆ ಸೇರಿಸಿರುವುದರಿಂದ ಮಿಮ್ಯುಲಸ್ ಎಂಬ ಹಳೆಯ ಹೆಸರಿನಲ್ಲೂ ಹುಡುಕಬೇಕು.

ಎಣಿಕೆಯಲ್ಲಿ ಇನ್ನೊಂದು ತೊಡಕು ಜೋಡಿಹಾಳೆಗಳದು. ಒಂದೇ ದಿನ ಒಂದೇ ಗೋಡೆಯಿಂದ ಕಿತ್ತ ಗಿಡಗಳನ್ನು ನಾಲ್ಕಾರು ಹರ್ಬೇರಿಯಂಗಳಿಗೆ ಹಂಚಿರುತ್ತಾರೆ. ಸಂಗ್ರಾಹಕರ ಹೆಸರು, ಅವರದೇ ಕ್ರಮಸಂಖ್ಯೆ, ತಾರೀಕು ಮೂರೂ ತಾಳೆಯಾದರೆ ನಾನು ಒಂದೇ ಎಂದು ಎಣಿಸುತ್ತೇನೆ. ಆದರೆ ಜೋಡಿಹಾಳೆಗಳು ದಂಡವಲ್ಲ. ಈ ಗಿಡ ಯಾರ ಹೆಸರು ಹೊತ್ತಿದೆಯೋ ಆ ಸಸ್ಯವಿಜ್ಞಾನಿ ಆಲಿಸ್ ಈಸ್ಟ್‌ವುಡ್ 1906ರ ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದ ದಿನ ತಮ್ಮ ಹರ್ಬೇರಿಯಂನಿಂದ ಸುಮಾರು 1,500 ಮಾದರಿಗಳನ್ನು ಹೊರಸಾಗಿಸಿದರು. ಬೇರೆ ಕಪಾಟಿನಲ್ಲಿಟ್ಟಿದ್ದರಿಂದ ಅವು ಕೈಗೆ ಸಿಕ್ಕವು. ಒಳಗೇ ಉಳಿದ ಸಂಗ್ರಹ ಸುಟ್ಟುಹೋಯಿತು. ಹಾಗೆ ಒಂದು ಕಡೆ ಸುಟ್ಟರೂ ಬೇರೆ ಕಡೆ ಇರುವ ಜೋಡಿಹಾಳೆ ಉಳಿಯುತ್ತದೆ.

ಹೆಚ್ಚು ಹೊತ್ತು ಹಿಡಿದದ್ದು ಕೊಲೊರಾಡೊ ನದಿಯ ಗ್ಲೆನ್ ಕಮರಿಯ ದಾಖಲೆಗಳು. 1963ರಲ್ಲಿ ಅಣೆಕಟ್ಟಿನ ಬಾಗಿಲು ಮುಚ್ಚಿ ಪೊವೆಲ್ ಜಲಾಶಯ ತುಂಬತೊಡಗಿತು. ಅದರ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 3,700 ಅಡಿ. ಅಣೆಕಟ್ಟಿನ ಮೇಲ್ಗಡೆಯ, 1963ಕ್ಕೆ ಮುಂಚಿನ ಚೀಟಿಯಲ್ಲಿ ಅದಕ್ಕಿಂತ ಕಡಿಮೆ ಎತ್ತರ ಬರೆದಿದ್ದರೆ ಆ ಜಾಗ ಮುಳುಗಿದೆ ಎಂದು ಬೇರೆ ಬಣ್ಣ ಕೊಡುತ್ತೇನೆ. ಅಣೆಕಟ್ಟಿನ ಕೆಳಗಿನವಕ್ಕೆ ಈ ಲೆಕ್ಕ ಹಿಡಿಸುವುದಿಲ್ಲ. ಕೆಲವರು ಗೋಡೆಯ ಎತ್ತರ ಬಿಟ್ಟು ತಮ್ಮ ಬಿಡಾರದ ಎತ್ತರ ಬರೆದಿರುವುದೂ ಉಂಟು, ಆದ್ದರಿಂದ 3,700ರ ಆಸುಪಾಸಿನವನ್ನು ‘ಅನುಮಾನ’ ಎಂದೇ ಬಿಟ್ಟಿದ್ದೇನೆ.

2023ರ ವಸಂತದಲ್ಲಿ ಜಲಾಶಯ 3,520 ಅಡಿಯ ಹತ್ತಿರಕ್ಕೆ ಇಳಿದಿತ್ತು. ಮುಳುಗಿದ್ದ ಗೋಡೆಗಳು ಮತ್ತೆ ಬಿಸಿಲು ಕಂಡವು. ಮತ್ತೆ ಹೋಗಿ ನೋಡಬೇಕಾದ ಜಾಗಗಳ ಪಟ್ಟಿಯಲ್ಲಿ ಈ ಎರಡು ಮಟ್ಟಗಳ ನಡುವಿನ ಪಟ್ಟೆಯವನ್ನೇ ಮೇಲೆ ಇಟ್ಟಿದ್ದೇನೆ. ಅಲ್ಲಿನ ಮೂಲನಿವಾಸಿ ನವಾಹೊ ಜನರ ಆಡಳಿತದ ನವಾಹೊ ನೇಷನ್‌ನ ನೆಲದಲ್ಲಿರುವವಕ್ಕೆ ಮೊದಲು ಅವರ ಅನುಮತಿ ಆಗಬೇಕು.